ಕೋಟಿನ ಮುಂದಿನ ಅಂಚು

ಹೊಲಿಗೆ ಅಂಗಡಿಯ ಮೇಲಿನ ಮನೆಯಿಂದ,
ತಾರೀಕು ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ಹಡಗಿನವರಿಗೆಲ್ಲ ಬೇಯಿಸಿ ಹಾಕುವ ಭರಾಟೆಯಲ್ಲಿ ನಿಮ್ಮ ತಟ್ಟೆಗೆ ಬಿಸಿಯಾದದ್ದೇನಾದರೂ ಬೀಳುತ್ತಿದೆಯೋ, ಇಲ್ಲ ಒಲೆ ಪಕ್ಕ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಂಡು ಊಟ ಮುಗಿಯಿತು ಅನ್ನುತ್ತಿದ್ದೀರೋ? ಉಬ್ಬಸ ಹೇಗಿದೆ? ಹೊಗೆ, ಉಪ್ಪುಗಾಳಿ ಎರಡೂ ನಿಮಗೆ ಆಗಿಬರುವುದಿಲ್ಲ ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದೆ; ನೀವು ಎರಡೂ ಒಟ್ಟಿಗೆ ಸಿಗುವ ಕೆಲಸವನ್ನೇ ಹುಡುಕಿಕೊಂಡಿರಿ. ಬಂದರಿನಲ್ಲಿ ಇಳಿದಾಗಲೆಲ್ಲ ಔಷಧಿ ಅಂಗಡಿಯಿಂದ ತರುವ ಆ ಸಣ್ಣ ಬಿಳಿ ಮಾತ್ರೆ ತಗೊಂಡರೆ ಎದೆ ಹಗುರವಾಗುತ್ತದೆ ಎಂದು ಹೋದ ಸಲ ಬರೆದಿದ್ದಿರಿ. ಹಗುರವಾದರೆ ಸಂತೋಷವೇ. ಆದರೆ ಅದು ಏನು ಮಾತ್ರೆ, ಯಾರು ಬರೆದುಕೊಟ್ಟದ್ದು ಎಂದು ನಾನು ಕೇಳಿದ್ದಕ್ಕೆ ನೀವು ಸಮುದ್ರದ ಬಣ್ಣದ ಬಗ್ಗೆ ಎರಡು ಪುಟ ಬರೆದಿರಿ. ಈ ಸಲ ನನಗೆ ಉತ್ತರ ಬೇಕು.

ನಾನು ಕಲ್ಲುಗುಂಡಿನ ಹಾಗಿದ್ದೇನೆ. ಎರಡು ದಿನದ ರಜೆಗೆ ಊರಿಗೆ ಬಂದ ನಿಮ್ಮ ಹಡಗಿನ ಸ್ಟೋರ್ ಕೀಪರ್ ನಿನ್ನೆ ಸಂಜೆ ಬಂದು ನೀವು ಕಳಿಸಿದ ಗಂಟು ಕೊಟ್ಟುಹೋದರು. ಒಳಗೆ ನಿಮ್ಮ ಕೋಟಿದೆಯಂತೆ. ಮೇಲೆ ಸಿಕ್ಕಿಸಿದ್ದ ನಿಮ್ಮ ಚೀಟಿಯಲ್ಲಿ “ಯಾಕೋ ಸರಿಯಾಗಿ ಕೂರ್ತಿಲ್ಲ, ನೋಡಿ ಸರಿಮಾಡಿ ಕಳಿಸು” ಎಂದಷ್ಟೇ ಇದೆ. ಹೊಟ್ಟೆ ಬಂದಿರಬೇಕು, ಅಡುಗೆಯವರಿಗೆ ಅದೇನು ಹೊಸದೇ? ಗಂಟು ಇನ್ನೂ ಕೆಳಗೆ ಅಂಗಡಿಯಲ್ಲೇ ಇದೆ, ಬಿಚ್ಚಿಲ್ಲ. ಅವರು ಇವತ್ತು ಸಂಜೆ ಕೋಟನ್ನೂ ಕಾಗದವನ್ನೂ ಒಟ್ಟಿಗೆ ಒಯ್ಯುತ್ತಾರೆ. ಅಷ್ಟರಲ್ಲಿ ಕಾಗದ ಮುಗಿಸಿ ಕೋಟಿಗೆ ಕೈ ಹಾಕೋಣ ಎಂದು ಕೂತಿದ್ದೇನೆ. ಬರೆಯುವುದು ಬಹಳ ಇದೆ, ಎಲ್ಲವೂ ನಿಮ್ಮ ಅಮ್ಮನ ವಿಷಯ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಹಾರಾಡಬೇಡಿ. ಬರೆಯಬಾರದು ಎಂದು ಅತ್ತೆಯೇ ಕಟ್ಟಪ್ಪಣೆ ಮಾಡಿದ್ದರು. “ಹಡಗಲ್ಲಿ ಇರೋನು ಕೇಳಿ ಏನ್ ಮಾಡ್ತಾನೆ, ಸಮುದ್ರಕ್ಕೆ ಹಾರಿ ಈಜ್ಕೊಂಡು ಬರ್ತಾನಾ?” ಎಂದಿದ್ದರು. ಈಗ ಗಂಡಾಂತರ ಕಳೆದಿದೆ, ಅಪ್ಪಣೆಯೂ ಸಿಕ್ಕಿದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಅತ್ತೆ ಈಗ ಚೆನ್ನಾಗಿದ್ದಾರೆ. ಉಸಿರು ಬಿಗಿ ಹಿಡಿಯದೆ ಓದಿ.

ಚಳಿ ಶುರುವಾಗುವ ಹೊತ್ತಿಗೆ ಅವರ ಕೆಮ್ಮು ಮತ್ತೆ ಕೆರಳಿತು. ನಿಮಗೆ ಗೊತ್ತಿರುವುದೇ. ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಹೊಗೆ, ಉಣ್ಣೆಬಟ್ಟೆಯ ದೂಳು ಕುಡಿದು ಹಾಳಾದ ಶ್ವಾಸಕೋಶ ಅದು. ಪ್ರತಿ ಸಲ ಕೆರಳಿದಾಗಲೂ ಡಾಕ್ಟರು ಕೆಲವು ದಿನಕ್ಕೆ ಸ್ಟಿರಾಯ್ಡ್ ಮಾತ್ರೆ ಕೊಡುತ್ತಿದ್ದರು, ದಿನಾ ಬಾಯಿಗಿಟ್ಟು ಎಳೆದುಕೊಳ್ಳುವ ಇನ್ಹೇಲರ್ ಪಂಪು ಇದ್ದೇ ಇತ್ತು. ಈ ಸಲವೂ ಹಾಗೇ ಆಯಿತು. ಒಂದು ಬೆಳಿಗ್ಗೆ ಮೇಜಿನ ಮೇಲೆ ಬಗ್ಗಿ ಒಂದು ಕೋಟಿನ ತೋಳು ಕತ್ತರಿಸುತ್ತಿದ್ದರು. ಜೋರಾಗಿ ಕೆಮ್ಮು ಬಂತು. ಕೆಮ್ಮಿದರು, ಅಷ್ಟೇ. ಬೀಳಲಿಲ್ಲ, ಜಾರಲಿಲ್ಲ, ಏನನ್ನೂ ಎತ್ತಲಿಲ್ಲ. ಕೆಮ್ಮಿ ಮುಗಿಸಿದವರು ಕತ್ತರಿ ಕೆಳಗಿಟ್ಟು ಮೇಜಿನ ಅಂಚು ಹಿಡಿದು ನಿಂತರು. ಮುಖ ಬೆಳ್ಳಗಾಗಿತ್ತು. “ಎಲ್ಲೋ ಹಿಡ್ಕೊಂಡಿದೆ ಕಣೇ” ಎಂದವರು ಆ ತೋಳು ಕತ್ತರಿಸಿ ಮುಗಿಸದೆ ಕೂರಲಿಲ್ಲ. ಗೆರೆ ಒಂದು ಚೂರೂ ಅಲುಗಿರಲಿಲ್ಲ. ಆಮೇಲೆ ಒಂದು ವಾರ ಉಳುಕು ಎಂದುಕೊಂಡು ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಮಗ್ಗುಲು ಬದಲಿಸಲಾರದೆ ನರಳುವುದನ್ನು ಕೇಳಲಾರದೆ ಕೊನೆಗೆ ನಾನೇ ಜಗಳವಾಡಿ ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಎಕ್ಸ್-ರೇ ತೆಗೆಸಿದರು. ಬೆನ್ನುಮೂಳೆಯ ಒಂದು ಮಣಿ ಹೊಸದಾಗಿ ಮುರಿದು ಕುಸಿದಿತ್ತು. ಅದರ ಮೇಲಿನ ಇನ್ನೊಂದು ಯಾವಾಗಲೋ ಕುಸಿದು ಹಾಗೇ ಕೂಡಿಕೊಂಡಿತ್ತು, ಅದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಕೆಮ್ಮಿದ್ದಕ್ಕೆ ಮೂಳೆ ಮುರಿಯುತ್ತದೆಯೇ ಎಂದು ನಾನು ಬಾಯಿ ಬಿಟ್ಟುಕೊಂಡು ಕೂತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಒಳ್ಳೆಯ ತಾಳ್ಮೆ. ಬಿಡಿಸಿ ಹೇಳಿದರು. ಎದೆಯ ಈ ಕಾಯಿಲೆ ಎದೆಯಲ್ಲೇ ಸುಮ್ಮನೆ ಕೂತಿರುವುದಿಲ್ಲವಂತೆ, ಒಳಗೊಳಗೇ ಮೂಳೆಯನ್ನೂ ಸವೆಸುತ್ತದಂತೆ. ಏದುಸಿರು ಬರುತ್ತದೆ ಎಂದು ಮನುಷ್ಯ ನಡೆಯುವುದು ಬಿಡುತ್ತಾನೆ, ಬಿಸಿಲಿಗೆ ಹೋಗುವುದು ಬಿಡುತ್ತಾನೆ, ಊಟ ಕಡಿಮೆ ಮಾಡುತ್ತಾನೆ. ಮೂಳೆ ಇನ್ನಷ್ಟು ಸೊರಗುತ್ತದೆ. ಅದರ ಮೇಲೆ ವರ್ಷಾನುಗಟ್ಟಲೆ ಮತ್ತೆ ಮತ್ತೆ ನುಂಗಿದ ಸ್ಟಿರಾಯ್ಡ್ ಮಾತ್ರೆಯ ಪಾಲೂ ಸೇರುತ್ತದೆ. ಪಂಪಿನ ಔಷಧಿ ಬಹುಪಾಲು ಎದೆಗೇ ಹೋಗುತ್ತದೆ, ಅದರಿಂದ ಮೂಳೆಗೆ ಆಗುವುದು ಕಡಿಮೆ ಎಂದರು. ಚಿತ್ರದಲ್ಲಿ ಬೆರಳಿಟ್ಟು “ನೋಡಿ ಅಮ್ಮ, ಮಣಿ ಹಿಂದುಗಡೆ ನೆಟ್ಟಗಿದೆ, ಮುಂದುಗಡೆ ಕುಸಿದಿದೆ. ಅದಕ್ಕೇ ಬೆನ್ನು ಮುಂದಕ್ಕೆ ಬಾಗಿದೆ” ಎಂದರು. ಅತ್ತೆ ಚಿತ್ರ ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದರು. ಬೆನ್ನು ಮುಂದಕ್ಕೆ ಬಾಗಿದರೆ ಕೋಟು ಹಿಂದೆ ಎತ್ತಿಕೊಳ್ಳುತ್ತದೆ, ಮುಂದೆ ಜೋತು ಬೀಳುತ್ತದೆ. ಅದು ನಮ್ಮಿಬ್ಬರಿಗೂ ಯಾವ ಚಿತ್ರವೂ ಇಲ್ಲದೆ ಗೊತ್ತು.

ಯಾಕೆ ನೋಡಿದರು ಎಂದು ಹೇಳುತ್ತೇನೆ. ಅಂಗಡಿಯಲ್ಲಿ ಅವರು ಬೂದುಬಣ್ಣದ ಕೆಲಸದ ಕೋಟು ಹಾಕಿಕೊಳ್ಳುತ್ತಾರಲ್ಲ, ಅದು ಎರಡು ಮೂರು ವರ್ಷದಿಂದ ಮುಂದೆ ಇಳಿಯುತ್ತಿತ್ತು. ಇಳಿದಾಗಲೆಲ್ಲ ನಾನು ಒಗೆಯುವ ನೆಪದಲ್ಲಿ ತೆಗೆದುಕೊಂಡು ಮುಂದಿನ ಅಂಚನ್ನು ಚೂರು ಮೇಲೆ ಮಡಚಿ, ಹಿಂದಿನ ಅಂಚನ್ನು ಚೂರು ಬಿಚ್ಚಿ ಹೊಲಿದು, ಇಸ್ತ್ರಿ ಹಾಕಿ ಮೊಳೆಗೆ ತಗುಲಿಹಾಕುತ್ತಿದ್ದೆ. ಏನೂ ಹೇಳುತ್ತಿರಲಿಲ್ಲ. ಹೇಳುವುದು ಹೇಗೆ? ಮಾವ ಅಂಗಡಿ ತೆರೆದ ದಿನದಿಂದ ನಡೆದುಬಂದ ಕಟ್ಟಳೆ ನಿಮಗೆ ಗೊತ್ತಲ್ಲ. ಟೇಪು ಹಿಡಿದವರು ಎದುರಿನವರ ಮೈ ಬಗ್ಗೆ ಮಾತಾಡಕೂಡದು. ಹೊಟ್ಟೆ ಬಂದಿರಲಿ, ಒಂದು ಭುಜ ಇಳಿದಿರಲಿ, ಕಣ್ಣಿಗೆ ಬಿದ್ದದ್ದು ಕತ್ತರಿಗೆ ಹೋಗಬೇಕೇ ಹೊರತು ಬಾಯಿಗೆ ಬರಬಾರದು. ಹೊಸದಾಗಿ ಬಂದಾಗ ನಾನು ಒಬ್ಬರಿಗೆ “ಸ್ವಲ್ಪ ದಪ್ಪ ಆಗಿದ್ದೀರಿ” ಎಂದದ್ದಕ್ಕೆ ಅತ್ತೆ ನನ್ನ ತುಟಿ ನಡುವೆ ಗುಂಡುಸೂಜಿ ಸಾಲಾಗಿ ಇಟ್ಟು, ಅಳತೆ ಮುಗಿಯುವ ತನಕ ತೆಗೆಯಬೇಡ ಎಂದರು. ನೀವು ಅದನ್ನು ನೋಡಿ ಬಿದ್ದುಬಿದ್ದು ನಕ್ಕು ನನಗೆ ಹೆಸರೇ ಇಟ್ಟಿರಿ. ಆ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಅತ್ತೆಯ ಬೆನ್ನು ಬಾಗುತ್ತಿದ್ದುದು ಅತ್ತೆಗೇ ಕಾಣದ ಹಾಗೆ ಕೋಟು ಹೊಲಿದುಕೊಟ್ಟೆ.

ಅಸಲಿ ಫಜೀತಿ ಶುರುವಾದದ್ದು ಮನೆಗೆ ಬಂದ ಮೇಲೆ. ಡಾಕ್ಟರಮ್ಮ ಹೇಳಿದ ಅಷ್ಟು ಮಾತಿನಲ್ಲಿ ಅತ್ತೆ ಹಿಡಿದುಕೊಂಡದ್ದು ಒಂದೇ, ಔಷಧಿ ಮೂಳೆ ತಿನ್ನುತ್ತದೆ ಎಂಬುದು. ಪಂಪಿನ ಪಾಲು ಕಡಿಮೆ ಎಂದದ್ದು, ಯಾವುದನ್ನೂ ನೀವೇ ನಿಲ್ಲಿಸಬೇಡಿ ಎಂದು ಬಾಗಿಲ ತನಕ ಬಂದು ಹೇಳಿದ್ದು, ಎಲ್ಲ ಗಾಳಿಗೆ ಹೋಯಿತು. ಬೆನ್ನಿಲ್ಲದೆ ಮೇಜಿನ ಮುಂದೆ ನಿಲ್ಲುವುದು ಹೇಗೆ ಎಂಬುದೊಂದೇ ಅವರ ಚಿಂತೆ. ಪಂಪನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರು. ಆದರೆ ಬೆಳಿಗ್ಗೆ ಸಂಜೆ ಅಳತೆಕೋಣೆಯ ಪರದೆ ಹಿಂದೆ ಹೋಗಿ ಪಂಪು ಎಳೆದುಕೊಳ್ಳುವ ಸದ್ದು ಮಾತ್ರ ತಪ್ಪಲಿಲ್ಲ. ಪುಸ್ ಎಂದು ಒಂದು ಸಲ, ಸ್ವಲ್ಪ ತಡೆದು ಪುಸ್ ಎಂದು ಇನ್ನೊಂದು ಸಲ. ನಾನು ಹೊಲಿಗೆ ಮಷೀನಿನಲ್ಲಿ ಕೂತು ಸಮಾಧಾನದಿಂದ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಪರದೆ ಸರಿಸಿದರೆ ಬಟ್ಟೆಯೆಲ್ಲ ಒದ್ದೆ. ನಿಮ್ಮ ಅಮ್ಮ ಅಲ್ಲಿ ನಿಂತು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯನ್ನು ಪರದೆಗೆ ಹೊಡೆಯುತ್ತಿದ್ದರು! ನಗುವುದೋ ಅಳುವುದೋ ತಿಳಿಯಲಿಲ್ಲ. ಹಿಡಿದುಹಾಕಿದೆ ಎಂದು ಗೊತ್ತಾದ ಮೇಲೂ ಮುಖದಲ್ಲಿ ಒಂದು ಗೆರೆ ಆಚೀಚೆ ಆಗಲಿಲ್ಲ. “ಪರದೆ ಸುಕ್ಕಾಗಿತ್ತು” ಎಂದರು.

ಆವತ್ತೇ ಮಧ್ಯಾಹ್ನ ಊಟಕ್ಕೆ ಮೇಲೆ ಹತ್ತುವಾಗ ಮೆಟ್ಟಿಲ ನಡುವೆ ಕೂತುಬಿಟ್ಟರು. ಉಸಿರು ಮೇಲೆ ಹೋಗದು, ಕೆಳಗೆ ಬರದು. ತುಟಿ ನೀಲಿಗಟ್ಟುತ್ತಿತ್ತು. ಒಂದು ಕೈ ಬೆನ್ನಿಗೆ, ಒಂದು ಕೈ ಎದೆಗೆ. ನನಗೆ ಆದ ಭಯವನ್ನು ಹೇಗೆ ಬರೆಯಲಿ, ಈ ಮನೆಯಲ್ಲಿ ಅವರಿಲ್ಲದ ಒಂದು ದಿನವನ್ನೂ ನಾನು ಯೋಚಿಸಿದವಳಲ್ಲ. ಓಡಿಹೋಗಿ ತುರ್ತಿಗೆಂದು ಕೊಟ್ಟಿದ್ದ ನೀಲಿ ಪಂಪು ತಂದು ಬಾಯಿಗೆ ಹಿಡಿದೆ, ಪಕ್ಕದ ಬಡಗಿಯ ಗಾಡಿಯಲ್ಲಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಸುಧಾರಿಸಿಕೊಂಡು ಮನೆಗೆ ಬಂದ ಮೇಲೂ ದಿನದ ಪಂಪು ಬೇಡವೆಂದೇ ಹಟ. “ಉಸಿರು ಬೇಕಾದ್ರೆ ಬೆನ್ನು ಕೊಡು, ಬೆನ್ನು ಬೇಕಾದ್ರೆ ಉಸಿರು ಕೊಡು ಅಂದ್ರೆ ಯಾವುದನ್ನೇ ಕೊಡಲಿ?” ಎಂದರು. ಆಗ ನನಗೆ ಸಿಟ್ಟು ಬಂತು. ಗೋಡೆಯಿಂದ ಟೇಪು ತೆಗೆದುಕೊಂಡೆ. ಕತ್ತಿನ ಬುಡದಿಂದ ಸೊಂಟದ ತನಕ ಹಿಂದೆ ಅಳೆದೆ, ಹಾಗೇ ಮುಂದೆ ಅಳೆದೆ, ಅಂಗಡಿಗೆಲ್ಲ ಕೇಳುವ ಹಾಗೆ ಅಳತೆ ಕೂಗಿ ಹೇಳಿದೆ. ನಾನು ಈ ಮನೆಗೆ ಬಂದಾಗಿನ ಅಳತೆ ಇಷ್ಟಿತ್ತು ಅತ್ತೆ, ಈಗ ಇಷ್ಟಾಗಿದೆ ಎಂದೆ. ಇದು ನಿನ್ನೆ ಮೊನ್ನೆಯ ಪಂಪು ಮಾಡಿದ ಕೆಲಸವಲ್ಲ, ಉಸಿರು ಸಾಲದೆ ನೀವು ಹೊರಗೆ ನಡೆಯುವುದನ್ನೇ ಬಿಟ್ಟಿರಲ್ಲ, ಆವಾಗಿನಿಂದ ಬಾಗುತ್ತ ಬಂದದ್ದು ಎಂದೆ. ಈಗ ಪಂಪೂ ಬಿಟ್ಟರೆ ಎದೆ ಮತ್ತೆ ಕೆರಳುತ್ತದೆ, ಆಗ ಮತ್ತೆ ಅದೇ ಮಾತ್ರೆ ನುಂಗಬೇಕು, ಉಸಿರೂ ಹೋಗುತ್ತದೆ ಬೆನ್ನೂ ಹೋಗುತ್ತದೆ ಎಂದೆ. ಆ ಬೂದು ಕೋಟು ತಿದ್ದಿದ್ದು ನಾನೇ ಎಂದೂ ಹೇಳಿದೆ.

ಬೈಗುಳಕ್ಕೆ ಕಾದು ನಿಂತಿದ್ದೆ. ಅತ್ತೆ ನನ್ನ ಕೈಯಿಂದ ಟೇಪು ತೆಗೆದುಕೊಂಡು ಸುತ್ತುತ್ತ, “ಗೊತ್ತಿತ್ತು ಕಣೇ” ಎಂದರು. “ಮೊದಲ್ನೇ ಸಲವೇ ಗೊತ್ತಾಯ್ತು. ಹೊಲಿಗೆ ಅಷ್ಟು ಚೆನ್ನಾಗಿತ್ತು, ಬಾಯಿ ಬಿಟ್ಟು ನಿನ್ನನ್ನ ಹೊಗಳಬೇಕಾಗುತ್ತಲ್ಲ ಅಂತ ಸುಮ್ನಿದ್ದೆ.” ಆಮೇಲೆ ನಗು ಬಂತು ಅವರಿಗೆ, ನಕ್ಕರೆ ಬೆನ್ನು ನೋವು, ನೋವಿಗೆ ಇನ್ನಷ್ಟು ನಗು. ಗುಂಡಿಗಳ ಡಬ್ಬಿ ತರಿಸಿ ಪಂಪು ಹುಡುಕಿ, ಅಂಟಿದ್ದ ನೂಲು ಒರೆಸಿ, ನನ್ನ ಎದುರಿಗೇ ಎಳೆದುಕೊಂಡು, ಬಾಯಿ ಮುಕ್ಕಳಿಸಿ ಉಗುಳಿದರು. ನಿಮ್ಮ ಅಮ್ಮ ಸೋತದ್ದನ್ನು ನಾನು ಈ ಮನೆಯಲ್ಲಿ ನೋಡಿದ್ದು ಅದೇ ಮೊದಲು, ಮತ್ತೆ ಎಷ್ಟು ಚೆಂದ ಸೋತರು ಅಂತೀರಿ!

ಅಲ್ಲಿಂದ ಮುಂದಿನದನ್ನು ನೀವು ಕಣ್ಣಾರೆ ನೋಡಬೇಕಿತ್ತು. ಕೆಟ್ಟುಹೋದ ಕೋಟು ಕೈಗೆ ಬಂದರೆ ಹೇಗೆ ಕೂರುತ್ತಾರೋ ಹಾಗೆ ತಮ್ಮ ಮೈಗೆ ಕೂತರು. ಬಡಗಿಯನ್ನು ಕರೆಸಿ ಕತ್ತರಿಸುವ ಮೇಜಿನ ಕಾಲಿಗೆ ಮರದ ದಿಮ್ಮಿ ಕೊಡಿಸಿ ಎತ್ತರಿಸಿದರು, ಇನ್ನು ಬಗ್ಗುವ ಮಾತೇ ಇಲ್ಲ. ನನಗೆ ಮಾತ್ರ ಈಗ ಮೇಜು ಎದೆಮಟ್ಟ ಬರುತ್ತದೆ, ಪೀಠ ಹಾಕಿಕೊಂಡು ನಿಲ್ಲುತ್ತೇನೆ. ಮೆಟ್ಟಿಲಿಗೆ ಹಿಡಿಗಂಬಿ ಬಂತು. ನೆಲದ ಮೇಲೆ ಹರಡಿರುತ್ತಿದ್ದ ಬಟ್ಟೆಚೂರು, ವಯರು ಎಲ್ಲ ಮಾಯ, ಕಾಲಿಗೆ ತೊಡರಿ ಬಿದ್ದರೆ ಎಂದು. ಬೆಳಿಗ್ಗೆ ಮಹಡಿಯ ಬಿಸಿಲಲ್ಲಿ ಉಸಿರು ನೋಡಿಕೊಂಡು ನಿಧಾನ ನಡೆಯುತ್ತಾರೆ, ನಡೆಯುವಾಗ ನನ್ನ ಗುಂಡಿ-ಕಾಜಾ ಹೊಲಿಗೆಯ ತಪ್ಪುಗಳನ್ನು ಮೇಲಿಂದಲೇ ಕೂಗಿ ಹೇಳುತ್ತಾರೆ. ಮೂಳೆಗೆಂದು ವಾರಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ನೆಟ್ಟಗಿರಬೇಕು. ಆ ಅರ್ಧ ಗಂಟೆ ನಿಮ್ಮ ಅಮ್ಮ ಶಾಲೆಯ ಫೋಟೋಗೆ ಕೂತವರ ಹಾಗೆ ಕುರ್ಚಿಯಲ್ಲಿ ಕೂತು ನಿಮ್ಮ ಗೊಂಬೆಯ ಜೊತೆ ಮಾತಾಡುತ್ತಾರೆ. ಯಾವ ಗೊಂಬೆ ಎಂದಿರಾ? ನೀವು ಹಡಗು ಹತ್ತುವಾಗ ಕೋಟು ಹೊಲಿಯಲೆಂದು ಅಂಗಡಿಯ ಮರದ ಗೊಂಬೆಗೆ ಹತ್ತಿ ತುಂಬಿ ನಿಮ್ಮ ಅಳತೆ ಕಟ್ಟಿದ್ದರಲ್ಲ, ಆ ಅಳತೆಯನ್ನು ಇವತ್ತಿನವರೆಗೂ ಬಿಚ್ಚಲು ಬಿಟ್ಟಿಲ್ಲ. ಬೇರೆಯವರಿಗೆ ಬೇಕಾದರೆ ಬೇರೆ ಗೊಂಬೆ ತಾ ಎನ್ನುತ್ತಾರೆ.

ಮತ್ತೆ ಮಾವನ ಕಟ್ಟಳೆಯನ್ನು ಮುರಿದರು, ಅದೂ ಗಿರಾಕಿ ಎದುರಿಗೆ. ಆ ರಿಟೈರಾದ ಬಸ್ ಡ್ರೈವರಣ್ಣ ನೆನಪಿದ್ದಾರಲ್ಲ, ಜೇಬಿನಲ್ಲಿ ಪಂಪು ಇಟ್ಟುಕೊಂಡು ಕೆಮ್ಮುತ್ತ ಬರುವವರು. ಹಳೇ ಕೋಟಿನ ಮುಂಭಾಗ ಮತ್ತೆ ಮೋಟು ಮಾಡಿಕೊಡಿ ಎಂದು ತಂದರು. ಅತ್ತೆ ಟೇಪು ಕೊರಳಿಗೆ ಹಾಕಿಕೊಂಡು, “ಅಣ್ಣಾ, ಕೋಟು ಸರಿಯಾಗಿದೆ. ಒಂದ್ಸಲ ಬೆನ್ನು ತೋರಿಸ್ಕೊಂಡು ಬನ್ನಿ, ಆಮೇಲೆ ಹೊಲಿದುಕೊಡ್ತೀನಿ” ಎಂದರು. ಅವರು ಕೆಂಡವಾದರು, “ನಾನು ಟೈಲರ್ ಹತ್ರ ಬಂದಿದ್ದೀನೋ ಆಸ್ಪತ್ರೆಗೆ ಬಂದಿದ್ದೀನೋ” ಎಂದು ಕೋಟು ಕಿತ್ತುಕೊಂಡು ಹೋದರು. ಒಂದು ಗಿರಾಕಿ ಕೈತಪ್ಪಿತು ಎಂದುಕೊಂಡೆ ನಾನು. ಮೂರು ವಾರ ಬಿಟ್ಟು ಎಕ್ಸ್-ರೇ ಲಕೋಟೆ ಬಗಲಲ್ಲಿಟ್ಟುಕೊಂಡು ಬಂದು ಪೀಠದ ಮೇಲೆ ಕೂತರು. ಮುರಿದಿರಲಿಲ್ಲ, ಆದರೆ ಮೂಳೆ ಸವೆದಿದೆಯಂತೆ, ಔಷಧಿ ಶುರುಮಾಡಿದ್ದಾರಂತೆ. ಕೋಟು ಮುಂದಿಟ್ಟು “ಈಗ ಹೊಲೀತೀಯೇನಮ್ಮಾ?” ಎಂದರು. ಅತ್ತೆ ಎಲ್ಲ ಸಲವೂ ಸರಿ ಎಂದು ತಿಳಿಯಬೇಡಿ. ಹಾಲಿನವಳನ್ನು ತಡೆದು ಭುಜ ಇಳಿದಿದೆ, ಡಾಕ್ಟರಿಗೆ ತೋರಿಸು ಎಂದರು. ಅವಳು “ಹಾಲಿನ ಕ್ಯಾನು ನೀವು ಹೊರಿ, ನಿಮ್ಮ ಭುಜ ಎಲ್ಲಿರುತ್ತೆ ನೋಡೋಣ” ಎಂದು ನಗುತ್ತ ಹೋದಳು. ಅತ್ತೆಗೇನೂ ನಾಚಿಕೆಯಾಗಲಿಲ್ಲ. ಹೇಳಿದರೆ ತಪ್ಪೇನು ಎಂದರು.

ಹೊಗಳಿಕೆ ಈ ಮನೆಯಲ್ಲಿ ರೂಢಿಯಿಲ್ಲ, ಅವರ ಮುಂದೆ ನಾನು ಹೇಳಲಾರೆ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಅಮ್ಮನನ್ನು ಕಂಡರೆ ನನಗೆ ಬಹಳ ಹೆಮ್ಮೆ. ಒಂದು ಜೀವಮಾನ ನಂಬಿ ನಡೆಸಿದ್ದನ್ನು ಈ ವಯಸ್ಸಿನಲ್ಲಿ, ಮುರಿದ ಬೆನ್ನಿಟ್ಟುಕೊಂಡು, ತಪ್ಪು ಎಂದು ಕಂಡ ದಿನವೇ ಬದಲಿಸಿಕೊಂಡರು. ನನಗೆ ಒಂದು ಕಾಜಾ ಬದಲಿಸಿಕೊಳ್ಳಲು ಹತ್ತು ವರ್ಷ ಬೇಕಾಗುತ್ತದೆ. ಅಂಥವರ ಕೈಕೆಳಗೆ ಕೆಲಸ ಕಲಿತೆ ಎಂಬುದೇ ನನ್ನ ಪುಣ್ಯ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಪುಟ್ಟನಿಗೆ, ಅಂದರೆ ನಿಮಗೇ, ಒಲೆ ಹತ್ತಿರ ಮೂತಿ ಇಡಬೇಡ ಅನ್ನು ಎಂದೂ ಹೇಳಿದ್ದಾರೆ. ಆರೋಗ್ಯ ನೋಡಿಕೊಳ್ಳಿ. ಮಾತ್ರೆಯ ಹೆಸರು ಬರೆಯುವುದನ್ನು ಮರೆಯಬೇಡಿ. ಕೆಳಗಿಂದ ಕೂಗು ಬರುತ್ತಿದೆ, ಗಂಟು ಬಿಚ್ಚಿದರೆಂದು ಕಾಣುತ್ತದೆ. ಇಳಿದುಹೋಗುತ್ತೇನೆ.

ಎಂದೆಂದೂ ನಿಮ್ಮ,
ಗುಂಡುಸೂಜಿ

ಮರೆತ ಮಾತು: ಮರೆತದ್ದಲ್ಲ, ಈಗ ಕಂಡದ್ದು. ಸ್ಟೋರ್ ಕೀಪರ್ ಬಾಗಿಲಲ್ಲಿ ನಿಂತಿದ್ದಾರೆ, ಅಕ್ಷರ ವಕ್ರವಾದರೆ ಕ್ಷಮಿಸಿ. ಕೋಟಿನ ಮುಂದಿನ ಅಂಚನ್ನು ನೀವೇ ಮೇಲೆ ಮಡಚಿ ಕಪ್ಪು ದಾರದಲ್ಲಿ ಒರಟಾಗಿ ಹೊಲಿದುಕೊಂಡಿದ್ದೀರಿ. ಒಂದು ಸಲವಲ್ಲ, ಮಡಿಕೆಯ ಮೇಲೆ ಮಡಿಕೆ. ಅತ್ತೆ ಆ ದಾರವನ್ನೆಲ್ಲ ಕತ್ತರಿಸಿ ಬಿಡಿಸಿ, ಕೋಟನ್ನು ನಿಮ್ಮ ಗೊಂಬೆಗೆ ತೊಡಿಸಿದರು. ನೆಟ್ಟಗೆ ಕೂತಿದೆ. ಹಿಂದೆ ಮುಂದೆ ಒಂದೇ ಸಮ, ಒಂದು ನೂಲೂ ಇಳಿದಿಲ್ಲ. ಕೋಟು ಕೆಟ್ಟಿಲ್ಲ ರೀ. ನಿಮ್ಮ ಬೆನ್ನು ಒಲೆ ಮುಂದೆ ಬಗ್ಗಿ ಬಗ್ಗಿ ಬಾಗಿದ್ದರೂ ಇರಬಹುದು, ಹಾಲಿನವಳ ಭುಜದ ಹಾಗೆ ನಾವೇ ತಪ್ಪಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನಿಮ್ಮ ಆ ಬಿಳಿ ಮಾತ್ರೆ ಅತ್ತೆ ನುಂಗುತ್ತಿದ್ದ ಸ್ಟಿರಾಯ್ಡೇ ಇರಬಹುದು. ಆದರೆ ಹೆದರಿಕೊಂಡು ಅದನ್ನು ದಿಢೀರನೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಸ್ಟ್ರಿಪ್ಪು ತೆಗೆದುಕೊಂಡು ಹೋಗಿ ಹಡಗಿನ ಡಾಕ್ಟರಿಗೆ ತೋರಿಸಿ, ಮೊದಲು ಸಿಗುವ ಬಂದರಿನಲ್ಲಿ ಬೆನ್ನಿನ ಎಕ್ಸ್-ರೇ ತೆಗೆಸಿ, ರಜೆ ಕೇಳಿ. ಕೋಟು ಕಳಿಸುತ್ತಿಲ್ಲ. ನಾನು ಸೂಜಿ ಕೈಗೆ ತೆಗೆದುಕೊಂಡಿದ್ದೆ, ಅತ್ತೆ ಕಿತ್ತುಕೊಂಡರು. “ಇನ್ನೊಂದು ಹೊಲಿಗೆ ಹಾಕಿದ್ರೆ ನೋಡು. ಕೋಟು ಇಲ್ಲೇ ಇರುತ್ತೆ, ಬೆನ್ನು ತಗೊಂಡು ಅವನೇ ಬರ್ಲಿ ಅಂತ ಬರಿ” ಎಂದರು.